ಸುಣ್ಣದ ಅಂಡೆ

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೀನಿನ ಹೆಸರೆತ್ತುವಂತಿರಲಿಲ್ಲ. ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಮೊಟ್ಟೆಯ ಚಿತ್ರವಿದ್ದ ಬಿಸ್ಕತ್ತಿನ ಪೊಟ್ಟಣವೂ ಅಂಗಳದಿಂದಲೇ ವಾಪಸು. ಇಂಥ ಮನೆಯ ಜಗಲಿಯ ಮೇಲೆ ಕವಳದ ತಟ್ಟೆ, ತಟ್ಟೆಯಲ್ಲಿ ಎಲೆ-ಅಡಿಕೆ, ಅದರ ಪಕ್ಕ ಹಿತ್ತಾಳೆಯ ಸುಣ್ಣದ ಅಂಡೆ. ಅಂಡೆಯೊಳಗಿನದು ಕುಮಟೆಯಿಂದ ಬಂದ ಚಿಪ್ಪಿ ಸುಣ್ಣ. ಅಳಿವೆಯ ಕೆಸರಿನಲ್ಲಿ ಬದುಕಿದ್ದ ಬಳಚಿನ ಮೈಕವಚವನ್ನೇ ಸುಟ್ಟು ಮಾಡಿದ್ದು.

ಶಾಲೆಯಲ್ಲಿ ಇದು ಗೊತ್ತಾದ ದಿನ ನಾನು ಓಡಿಬಂದು ಅಜ್ಜಿಗೆ ವರದಿ ಒಪ್ಪಿಸಿದೆ. ಅಜ್ಜಿ ಎಲೆಯ ಬೆನ್ನಿಗೆ ಸುಣ್ಣ ಸವರುವುದನ್ನು ನಿಲ್ಲಿಸಲೇ ಇಲ್ಲ. “ಬೆಂಕಿಗೆ ಬಿದ್ದ ಮೇಲೆ ಎಂತಾ ಮೈಲಿಗೆ ಇರ್ತು ತಮಾ? ಸುಮ್ನೆ ಕೂತ್ಗ” ಅಂದಳು. ಧರ್ಮಶಾಸ್ತ್ರವೂ ಆಯಿತು, ರಸಾಯನಶಾಸ್ತ್ರವೂ ಆಯಿತು. ಚಿಪ್ಪಿಯೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನ ಶಾಖ 900 ಡಿಗ್ರಿಯ ಸುಮಾರಿಗೆ ಏರಿದರೆ ಅದರ ತೂಕದಲ್ಲಿ ನೂರಕ್ಕೆ 44 ಪಾಲು ಅಂಗಾರಾಮ್ಲವಾಗಿ ಗಾಳಿಗೆ ಹಾರಿಹೋಗುತ್ತದೆ. ಉಳಿದದ್ದು ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು, ಅರಳಿ, ಬೆಣ್ಣೆಯಂತಾಗುತ್ತದೆ. ಸುಣ್ಣ ಅರಳಿಸುವ ಹಂಡೆಯ ಹತ್ತಿರ ಮಕ್ಕಳನ್ನು ಬಿಡುತ್ತಿರಲಿಲ್ಲ. ಅದಕ್ಕೇ ನಾವು ಅಲ್ಲೇ ಇರುತ್ತಿದ್ದೆವು.

ಲೆಕ್ಕ ಹಾಕಿದರೆ ನಮ್ಮ ಮಡಿ ಮನೆಯಲ್ಲಿ ಸುಣ್ಣ ತಾಗದ ಜಾಗವೇ ಇರಲಿಲ್ಲ. ಗೋಡೆಗೆ ಅದು. ಆರತಿ ತಟ್ಟೆಯ ಅರಿಶಿನದ ನೀರನ್ನು ಕೆಂಪಗೆ ತಿರುಗಿಸಲು ಅದು. ಎಲ್ಲಕ್ಕಿಂತ ದೊಡ್ಡ ಖರ್ಚು ತೋಟದ್ದು. ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆರೋಗ. ಮೊದಲೆಲ್ಲ ಅಡಿಕೆಯ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಮುಚ್ಚುತ್ತಿದ್ದರು. ಆಮೇಲೆ ಬಂದದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯವರು ದ್ರಾಕ್ಷಿ ಬಳ್ಳಿಗೆ 1880ರ ದಶಕದಲ್ಲಿ ಕಂಡುಕೊಂಡ ಮದ್ದು ಅದು. ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನುಹತ್ತಿ, 1910ರಲ್ಲಿ ಅದರ ಬಗ್ಗೆ ಬರೆದು, ಈ ಮದ್ದನ್ನು ಅಡಿಕೆಗೂ ಹಿಡಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕದಡಿ ಆಮೇಲೆ ಕೂಡಿಸಬೇಕು. ಸುಣ್ಣ ಕಡಿಮೆಯಾದರೆ ಮದ್ದು ಎಳೆಕಾಯಿಯನ್ನೇ ಸುಡುತ್ತದೆ.

ಅಪ್ಪ ಅದನ್ನು ಪರೀಕ್ಷಿಸುತ್ತಿದ್ದದ್ದು ಕತ್ತಿಯಿಂದ. ಉಜ್ಜಿ ತೊಳೆದ ಕತ್ತಿಯ ಅಲಗನ್ನು ಆಕಾಶನೀಲಿ ದ್ರಾವಣದಲ್ಲಿ ತುಸು ಹೊತ್ತು ಅದ್ದಿ ಹಿಡಿದು, ಎತ್ತಿ ಬೆಳಕಿಗೆ ತಿರುಗಿಸುವರು. ಅಲಗಿನ ಮೇಲೆ ಕೆಂಪು ತಾಮ್ರದ ಪೊರೆ ಕೂತಿದ್ದರೆ “ಇನ್ನೂ ಸುಣ್ಣ ಬೇಕು”. ಕತ್ತಿ ಹಾಗೇ ಬೆಳ್ಳಗೆ ಬಂದರೆ ಮದ್ದು ಹೊಡೆಯುವ ಕೊನೆಗೌಡ ಮರ ಹತ್ತಬಹುದು. ಅಪ್ಪನಿಗೆ ಕಲ್ಲುಸುಣ್ಣದ ಮೇಲೆ ನಂಬಿಕೆಯಿಲ್ಲ, ಚಿಪ್ಪಿಯದೇ ಆಗಬೇಕು. ಅಂದರೆ ನಾವು ಉಂಡ ಅನ್ನ, ಓದಿದ ಓದು ಎಲ್ಲಕ್ಕೂ ಕಾವಲು ನಿಂತದ್ದು ಘಟ್ಟದ ಕೆಳಗಿನ ಬಳಚು.

(ಕವಳದ ಪರವಾಗಿ ನಾನು ವಾದ ಮಾಡುತ್ತಿಲ್ಲ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ದಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಘಟಕ ಎಂದೋ ಹೇಳಿದೆ. ಬೆಳೆಯುವವನ ಬಾಯಲ್ಲಿ ಈ ಮಾತು ಸಲೀಸಾಗಿ ಬರುವುದಿಲ್ಲ, ಅಷ್ಟೆ.)

ದೊಡ್ಡವನಾದ ಮೇಲೆ ಆ ಸುಣ್ಣದ ತವರು ನೋಡಲು ಹೋದೆ. ಅಘನಾಶಿನಿ ಹುಟ್ಟುವುದು ನಮ್ಮ ಶಿರಸಿಯ ಕಡೆಯೇ. ನೂರು ಚಿಲ್ಲರೆ ಕಿಲೋಮೀಟರ್ ಹರಿದು, ಉಂಚಳ್ಳಿಯಲ್ಲಿ ಧುಮುಕಿ, ಒಂದು ಅಣೆಕಟ್ಟಿಗೂ ಸಿಕ್ಕದೆ ತದಡಿಯ ಹತ್ತಿರ ಕಡಲು ಸೇರುತ್ತದೆ. ಅಣೆಕಟ್ಟಿಲ್ಲದ್ದರಿಂದಲೇ ಘಟ್ಟದ ಗೋಡು, ಕೊಳೆತ ದರಕು ಎಲ್ಲ ಅಳಿವೆಯವರೆಗೆ ತಲುಪುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಆ ಕೆಸರೇ ಬಳಚಿಗೆ ಬೇಕಾದ ಮನೆ. ಅಳಿವೆಯ ಗಜನಿ ಗದ್ದೆಯಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗದ ಭತ್ತಕ್ಕೂ ಅದೇ ನೆಲ.

ಇಳಿತದ ಹೊತ್ತು. ಸೊಂಟಮಟ್ಟದ ನೀರಿನಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬಳ ಪಕ್ಕದಲ್ಲೂ ಸೊಂಟಕ್ಕೆ ಹಗ್ಗ ಬಿಗಿದ ಅಲ್ಯುಮಿನಿಯಂ ಪಾತ್ರೆಯೊಂದು ತೇಲುತ್ತಿತ್ತು. ಅವರು ಹುಡುಕುವುದು ಕಣ್ಣಿನಿಂದಲ್ಲ, ಅಂಗಾಲಿನಿಂದ. ಕಾಲಿಗೆ ಗಟ್ಟಿ ತಾಗಿದಲ್ಲಿ ಬಗ್ಗಿ, ಕೆಸರನ್ನು ಕೈಯಲ್ಲಿ ಬಗೆದು, ಜಾಲಾಡಿ, ಬಳಚನ್ನು ಪಾತ್ರೆಗೆ ಹಾಕುವರು. ದಡಕ್ಕೆ ತಂದ ಬಳಚು ಬಿಸಿನೀರು ಕಂಡೊಡನೆ ಬಾಯಿಬಿಡುತ್ತದೆ. ಮಾಂಸ ಪೇಟೆಗೆ, ಗೋವಾಕ್ಕೆ. ಚಿಪ್ಪಿ ಹಿತ್ತಲ ರಾಶಿಗೆ, ಅಲ್ಲಿಂದ ಸುಣ್ಣದ ಗೂಡಿಗೆ. ರಾಶಿಯ ಪಕ್ಕ ಕೂತಿದ್ದ ಹೆಂಗಸೊಬ್ಬರು ನನ್ನ ಊರು, ಜಾತಿ ಎಲ್ಲ ವಿಚಾರಿಸಿ ಮುಗಿಸಿದ ಮೇಲೆ ನಕ್ಕರು: “ಮಾಂಸ ನಮ್ಗೆ ಬಿಟ್ರಿ, ಚಿಪ್ಪಿ ನೀವು ತಿಂತ್ರಿ ಭಟ್ರೇ. ಮತ್ತೆ ಜಗಳ ಎಂತಕ್ಕೆ?” ಅಜ್ಜಿಗೆ ಸರಿಸಾಟಿಯಾದ ಮಾತು ಕೇಳಿದ್ದು ಅಲ್ಲೇ.

ಭಾರತೀಯ ವಿಜ್ಞಾನ ಸಂಸ್ಥೆಯವರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿಜೀವಿಗಳು ಸಿಗುತ್ತಿದ್ದವು. ಅದನ್ನೇ ನೆಚ್ಚಿ ಕೆಲಸ ಮಾಡುವವರು ಎರಡು ಸಾವಿರಕ್ಕೂ ಹೆಚ್ಚು. ಇದೇ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಇತ್ತು. ಊರವರ ವಿರೋಧದ ನಡುವೆ ಅದು ನಿಂತುಹೋಯಿತು. ಸ್ಥಾವರವನ್ನಾದರೆ ದೂರದಿಂದಲೇ ಗುರುತಿಸಿ ಜಗಳಕ್ಕಿಳಿಯಬಹುದು. ಮರಳು ತೆಗೆಯುವ ದೋಣಿ ಹಾಗಲ್ಲ, ದಿನಾ ಒಂದಿಷ್ಟು ತಳವನ್ನು ಹೊತ್ತುಕೊಂಡು ಹೋಗುತ್ತದೆ. ಬಳಚಿನ ಮರಿ ಕೂರುವುದೇ ಆ ತಳದ ಮೇಲೆ. ಜೊತೆಗೆ ಬಲಿಯದ ಚಿಕ್ಕ ಬಳಚನ್ನೂ ಬಿಡದೆ ಬಾಚುವ ಆಸೆ. ಬಳಚು ಕಡಿಮೆಯಾದ ಮಾತು ದಡದಲ್ಲೆಲ್ಲ ಕೇಳಿಬರುತ್ತದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷ, ಆದರೆ ಪಟ್ಟಿಗೆ ಮರಳು ದೋಣಿ ತಡೆಯುವ ಕೈಯಿಲ್ಲ. ಆ ಕೆಲಸ ಕೆಳಗಿನವರಷ್ಟೇ ಘಟ್ಟದ ಮೇಲಿನ ನಮ್ಮದೂ ಹೌದು. ಚಿಪ್ಪಿ ಸುಣ್ಣಕ್ಕೆ ಚೌಕಾಸಿ ಮಾಡುವ ತೋಟಿಗರೆಲ್ಲ ಆ ನೀರಿನ ಋಣದಲ್ಲಿದ್ದಾರೆ.

ಪಕ್ಕದ ಗೋಕರ್ಣಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಬೀಚು ನೋಡಿ ಹಾಗೇ ತಿರುಗಬೇಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು ನೀರು ಚೆನ್ನಾಗಿ ಇಳಿಯುತ್ತದೆ, ಹೊತ್ತು ಕೇಳಿಕೊಂಡು ತದಡಿಯ ದಡಕ್ಕೆ ಹೋಗಿ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ, ಅವರು ಕೆಲಸದಲ್ಲಿರುತ್ತಾರೆ. ಚಪ್ಪಲಿ ಮಾತ್ರ ಬಿಚ್ಚಬೇಡಿ, ಕಲ್ವದ (ಸಿಂಪಿಯ) ಚಿಪ್ಪು ಕಾಲು ಕೊಯ್ಯುತ್ತದೆ.