ಜೀಪಿನ ಬ್ರೇಕ್ ಆಯಿಲ್ ಎಲ್ಲಿಗೆ ಹೋಗ್ತಿತ್ತು?

ಮೊನ್ನೆ ಭಾನುವಾರ ನಮ್ಮ ಹಳೇ ಜೀಪು ಹೆದರಿಸಿಬಿಡ್ತು. ಹಿಂದೆ ಟ್ರೈಲರ್ ತುಂಬ ಗೊಬ್ಬರ, ಮೂಟೆ ಮೇಲೆ ಮಗ. ತೋಟದ ಇಳಿಜಾರಲ್ಲಿ ಅರ್ಧ ಬಂದಿದ್ವಿ, ಬ್ರೇಕ್ ತುಳಿದರೆ ಪೆಡಲ್ ಸೀದಾ ತಳಕ್ಕೆ ಹೋಯ್ತು. ಎರಡ್ಮೂರು ಸಲ ಪಂಪ್ ಮಾಡಿದೆ, ಏನೂ ಇಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಎಷ್ಟು ಮಳೆಗಾಲ ಆಯ್ತೋ! ಪುಣ್ಯಕ್ಕೆ ಎರಡನೇ ಗೇರಲ್ಲಿದ್ದೆ. ಮೂತಿ ಧರೆಗೆ ಕೊಟ್ಟು ನಿಲ್ಲಿಸಿದೆ. ಬಂಪರ್ ಬಾಗಿತು, ಅಷ್ಟೇ. ಮಗ ನಗ್ತಿದ್ದ. ನನ್ನ ಕಾಲು ನಡುಗ್ತಿತ್ತು.

ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ಲಲ್ಲಿ ಇಳಿಸೋರು ನಮ್ಮಲ್ಲಿ ಇದಾರೆ, ನಾನೂ ಮಾಡಿದೀನಿ. ಅವತ್ತು ಹಾಗೆ ಮಾಡಿದ್ರೆ ಸೀದಾ ಹಳ್ಳ.

ಬಿಚ್ಚಿ ನೋಡಿದರೆ ಹಿಂದಿನ ಎಡಚಕ್ರದ ಸಿಲಿಂಡರಿನ ರಬ್ಬರ್ ಕಪ್ ಹರಿದು ಆಯಿಲ್ ಎಲ್ಲಾ ಡ್ರಮ್ಮಿನೊಳಗೆ. ನಮ್ಮ ಜೀಪಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಒಂದು ಕಡೆ ಸೋರಿದರೆ ನಾಲ್ಕೂ ಹೋದಂಗೆ. ಟ್ರೈಲರಿಗಂತೂ ಬ್ರೇಕೇ ಇಲ್ಲ, ಹಿಂದಿಂದ ನೂಕ್ತಾ ಬರುತ್ತೆ.

ನಿಜ ಹೇಳ್ಬೇಕು ಅಂದ್ರೆ, ತಿಂಗಳಿಂದ ಡಬ್ಬಿಯಲ್ಲಿ ಆಯಿಲ್ ಇಳೀತಾನೇ ಇತ್ತು. ನಾನು ಮೇಲಿಂದ ಸುರೀತಾ ಇದ್ದೆ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್ ಥರ ಉರಿದು ಹೋಗಲ್ಲ. ಪದೇ ಪದೇ ಕಮ್ಮಿ ಆಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ. ಗೊತ್ತಿತ್ತು. ಅಡಿಕೆ ಕೊಯ್ಲು ಮುಗೀಲಿ ಅಂತ ಬಗ್ಗಿ ನೋಡಿರಲಿಲ್ಲ.

ನಾಲ್ಕೂ ಚಕ್ರಕ್ಕೆ ಹೊಸ ಕಪ್ ಹಾಕಿಸಿದೆ. ಆಯಿಲ್ ಕುಡಿದ ಲೈನರ್ ತೊಳೆದು ಹಾಕೋಣ ಅಂದ್ರು, ಬೇಡ ಅಂದೆ. ಹ್ಯಾಂಡ್‌ಬ್ರೇಕ್ ಕೇಬಲ್ಲೂ ಹೊಸದು. ಗೊಬ್ಬರ ಈಗ ಅರ್ಧರ್ಧ ಲೋಡು, ಎರಡು ಟ್ರಿಪ್ಪು. ಮಗ ಹಿಂದೆ ನಡ್ಕೊಂಡೇ ಬರ್ತಾನೆ, ಗೊಣಗ್ತಾ.