ಲೇಪದ ಅಡಿಯ ತಗಡು

ತಾಳವಾಡಿ ಸೀಮೆಯ ಎಲೆಕೋಸು ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಬಣ್ಣಾರಿಯ ಮಾರ್ಗವಾಗಿ ಮೇಟುಪಾಳ್ಯದ ಮಂಡಿಯನ್ನು ಸೇರುವಷ್ಟರಲ್ಲಿ, ಪಿಕಪ್ ವಾಹನದ ತೊಟ್ಟಿಯು ಒಂದೊಂದು ತಿರುವಿನಲ್ಲಿಯೂ ಹೊರೆಯ ಉಜ್ಜಾಟವನ್ನು ಸಹಿಸಬೇಕಾಗುತ್ತದೆ. ತಗಡು ಸವೆಯದಿರಲೆಂದು ಅಲ್ಲಿನ ರೈತರೊಬ್ಬರು, ಸಾಲದ ಕಂತು ಇನ್ನೂ ತೀರದ ತಮ್ಮ ವಾಹನಕ್ಕೆ, ದೂರದ ಪಟ್ಟಣದ ಅಂಗಡಿಯೊಂದರಲ್ಲಿ ಪಾಲಿಯುರೆಥೇನಿನ ಕಪ್ಪು ಲೇಪವನ್ನು ಸಿಂಪಡಿಸಿ ಹಾಕಿಸಿದರು. ಬೆಳಿಗ್ಗೆ ಬಿಟ್ಟ ವಾಹನ ಮಧ್ಯಾಹ್ನಕ್ಕೆ ಕೈಸೇರಿತು.

ಮೊದಲ ಮಳೆಗಾಲದಲ್ಲಿಯೇ ಮೂಲೆಗಳು ಎದ್ದವು. ನಾಣ್ಯದಿಂದ ತಟ್ಟಿದರೆ ಅಲ್ಲಲ್ಲಿ ಪೊಳ್ಳು ಸದ್ದು. ಚೂರಿಯ ಮೊನೆಯನ್ನು ತೂರಿಸಿ ಎಳೆದಾಗ ಲೇಪವು ಬಾಳೆಯ ಪಟ್ಟೆಯಂತೆ ಸುಲಿದು ಬಂತು. ಅದರಡಿಯಲ್ಲಿ ಕಾರ್ಖಾನೆಯ ಬಣ್ಣ ಹೊಳಪುಗುಂದದೆ ಹಾಗೆಯೇ ಇತ್ತು. ತಪ್ಪಿನ ಸಾಕ್ಷಿ ಆ ಹೊಳಪೇ. ಇಂಥ ಲೇಪ ಹಿಡಿಯಬೇಕಾದರೆ ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಒರಟಾಗಿಸಬೇಕು, ಎಣ್ಣೆಯ ಜಿಡ್ಡನ್ನು ತೆಗೆಯಬೇಕು, ಪೂರ್ತಿ ಒಣಗಿಸಬೇಕು. ಲೇಪದಲ್ಲಿನ ಐಸೊಸಯನೇಟು ನೀರಿನೊಡನೆ ಕೂಡಿದರೆ ಇಂಗಾಲದ ಡೈಆಕ್ಸೈಡು ಹುಟ್ಟಿ ಗುಳ್ಳೆಗಳಾಗುತ್ತವೆ. ಆದುದರಿಂದಲೇ ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿಯಾದರೂ ಹೆಚ್ಚಿರಬೇಕೆಂಬುದು ಬಲ್ಲವರ ನಿಯಮ. ಸಿಂಪಡಿಸುವುದು ಗಳಿಗೆಯ ಕೆಲಸ. ದಿನ ಹಿಡಿಯುವುದು ಉಜ್ಜಾಟ. ಅಂಗಡಿಯವರು ಉಳಿಸಿಕೊಂಡದ್ದು ಆ ದಿನವನ್ನು.

ಇನ್ನೊಂದು ಅನರ್ಥವೂ ಆಗಿತ್ತು. ನೀರು ಬಸಿಯುವ ತೂತುಗಳನ್ನು ಲೇಪ ಮುಚ್ಚಿಬಿಟ್ಟಿತ್ತು. ಬಣ್ಣ ಗೀಚಿಹೋದೆಡೆಗಳಲ್ಲೆಲ್ಲ ನಿಂತ ನೀರು ತುಕ್ಕನ್ನು ಸಾಕುತ್ತಿತ್ತು.

ಖಾತರಿಯ ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮಗಳು ನಿಘಂಟನ್ನು ಹಿಡಿದು ಒಂದು ಸಂಜೆಯಿಡೀ ಕುಳಿತು ಅದರ ಸಾರವನ್ನು ಬಿಡಿಸಿದಳು: ಹೊಣೆ ಲೇಪಕ್ಕೆ ಮಾತ್ರ, ತಗಡಿಗಲ್ಲ. ಅಂಗಡಿಯವರು ಹಳೆಯದರ ಮೇಲೆಯೇ ಮತ್ತೊಂದು ಪದರವನ್ನು ಉಚಿತವಾಗಿ ಹೊಡೆಯಲು ಒಪ್ಪಿದರು. ಉದಾರವಾಗಿ ಕೇಳಿಸುವ ಮಾತು! ಸಡಿಲವಾದುದಕ್ಕೆ ಅಂಟಿದ್ದು ಸಡಿಲವಾದುದರೊಡನೆಯೇ ಎದ್ದುಬರುವುದಲ್ಲವೆ? ಅವರು ಒಪ್ಪಲಿಲ್ಲ. ಸುಲಿದ ತುಂಡನ್ನು ಮೇಜಿನ ಮೇಲಿಟ್ಟು, ಉಜ್ಜಿದ ಗುರುತನ್ನು ತೋರಿಸಿರೆಂದು ಕೇಳಿದರು. ಬಹಳ ಚರ್ಚೆಯ ಬಳಿಕ ಅರ್ಧ ಹಣ ಮರಳಿತು.

ಕಿತ್ತುಹಾಕುವ ಶ್ರಮವಂತೂ ಅವರದೇ ಪಾಲಾಯಿತು. ಬೆಂಕಿ ತೋರಿಸಿದರೆ ಕ್ಷಣದಲ್ಲಿ ಏಳುವುದೆಂದು ನೆರೆಯವರು ಹೇಳಿದರು. ಪಾಲಿಯುರೆಥೇನು ಸುಟ್ಟರೆ ಹೈಡ್ರೊಜನ್ ಸಯನೈಡಿನಂಥ ವಿಷಾನಿಲ ಏಳುವುದರಿಂದ ಆ ದಾರಿ ಸಲ್ಲದು. ಕೊಯ್ಲಿನ ನಡುವೆ ಮೂರು ದಿನ ವಾಹನ ನಿಂತಿತು, ಕೋಸು ಬಾಡಿಗೆಯ ಗಾಡಿಯಲ್ಲಿ ಹೋಯಿತು. ಗಟ್ಟಿಯಾಗಿ ಹಿಡಿದಿದ್ದ ಕಡೆ ಲೇಪ ಉಳಿಯನ್ನೂ ಲೆಕ್ಕಿಸಲಿಲ್ಲ. ಸರಿಯಾಗಿ ಹಾಕಿದ್ದರೆ ಅದು ಎಷ್ಟು ಬಾಳುತ್ತಿತ್ತೆಂಬುದು ಅಲ್ಲಿ ತಿಳಿಯಿತು.

ತುಕ್ಕನ್ನು ತಂತಿಯ ಕುಂಚದಿಂದ ಉಜ್ಜಿ ಪ್ರೈಮರು ಬಳಿದು, ತೂತುಗಳನ್ನು ತೆರೆದು, ಈಗ ರಬ್ಬರಿನ ಚಾಪೆಯೊಂದನ್ನು ಹಾಸಿದ್ದಾರೆ. ವಾರಕ್ಕೊಮ್ಮೆ ಅದನ್ನು ಎತ್ತಿ ಬಿಸಿಲಿಗೆ ಒಡ್ಡುತ್ತಾರೆ. ಮಗಳು ತೂತುಗಳಲ್ಲಿ ಸಿಕ್ಕ ಕೋಸಿನ ಎಲೆಗಳನ್ನು ಕಡ್ಡಿಯಿಂದ ಕೀಳುತ್ತಾಳೆ.