ಹೊಗೆ ಹೊರಡುವ ದಿಕ್ಕು

ಬೆಂಗಳೂರಿನ ಪೂರ್ವದ ಅಂಚಿಗೆ ವೈಟ್‌ಫೀಲ್ಡ್. ವಾಯವ್ಯದ ಅಂಚಿಗೆ ಪೀಣ್ಯ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಗಾಜಿನ ಸೌಧಗಳ ಊರು. ಅಲ್ಲಿನ ತರುಣರು ಇಡೀ ದಿನ ಗಣಕದ ಪರದೆಯನ್ನು ದಿಟ್ಟಿಸುವವರು. ೨೦೨೩ರಿಂದ ಅಲ್ಲಿಯವರೆಗೂ ಮೆಟ್ರೋ ರೈಲು ಓಡುತ್ತಿರುವುದರಿಂದ, ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಗಾಡಿ ಬದಲಿಸಿದರೆ ಸಾಕು, ಪೀಣ್ಯದ ಎತ್ತರದ ನಿಲ್ದಾಣದಲ್ಲಿ ಇಳಿಯಬಹುದು.

ನಿಲ್ದಾಣದ ಮೆಟ್ಟಿಲಿಳಿದು ಒಳಗಿನ ರಸ್ತೆಗಳನ್ನು ಹೊಕ್ಕರೆ ಬೇರೊಂದು ಲೋಕ. ಲೇತುಗಳ ಗುಂಯ್ಗುಡುವಿಕೆ, ವೆಲ್ಡಿಂಗಿನ ನೀಲಿ ಬೆಳಕು, ಸುಟ್ಟ ಎಣ್ಣೆಯ ವಾಸನೆ. ೧೯೫೩ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಇಲ್ಲಿಗೆ ಸಮೀಪದ ಜಾಲಹಳ್ಳಿಯಲ್ಲಿ ಹಲವಾರು ಕೈಗಳಿಗೆ ಲೋಹದ ವಿದ್ಯೆ ಕಲಿಸಿತು. ಆ ವಿದ್ಯೆ ಇಂದಿಗೂ ಪೀಣ್ಯದ ಸಣ್ಣ ಮಳಿಗೆಗಳಲ್ಲಿ ಜೀವಂತವಾಗಿದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಲ್ಲೇ ಗುರುತಿಸಬಲ್ಲ ಹಿರಿಯರು ಅಲ್ಲಿ ಇನ್ನೂ ಇದ್ದಾರೆ.

ಅಂಥದೊಂದು ಮಳಿಗೆಯ ಮುಂದೆ ಒಂದು ಶನಿವಾರ ಬೆಳಿಗ್ಗೆ ಲಾರಿಯಿಂದ ಒಂದು ಹಳೆಯ ಕಾರು ಇಳಿಯಿತು. ಅದರ ಹಿಂದೆಯೇ ಮೆಟ್ರೋದಲ್ಲಿ ಬಂದವನು ಅದರ ಒಡೆಯ, ವೈಟ್‌ಫೀಲ್ಡಿನ ಒಂದು ಕಚೇರಿಯ ತರುಣ ಎಂಜಿನಿಯರ್. ಡ್ರ್ಯಾಗ್ ಪಂದ್ಯದ ಗೀಳು ಅವನದು. ತಿರುವಿಲ್ಲದ ಕಾಲು ಮೈಲಿ, ಅಂದರೆ ೪೦೨ ಮೀಟರ್ ದಾರಿಯಲ್ಲಿ, ನಿಂತಲ್ಲಿಂದ ಹೊರಟು ಯಾರು ಮೊದಲು ಮುಟ್ಟುವರೆಂಬುದಷ್ಟೇ ಈ ಪಂದ್ಯ. ಇಂಥವು ೨೦೧೦ರ ನಂತರದ ವರ್ಷಗಳಲ್ಲಿ ನಗರದ ಉತ್ತರಕ್ಕಿರುವ ಜಕ್ಕೂರಿನ ವಿಮಾನದಾರಿಯ ಮೇಲೆ ನಡೆದದ್ದುಂಟು.

ಕಾರಿಗೆ ಅವನು ಟರ್ಬೊ ಕೂಡಿಸಿದ್ದ. ಎಂಜಿನ್ನಿನ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ; ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ೧೯೦೫ರಲ್ಲೇ ಈ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ಮದರಾಸಿನ ಗಾಳಿಗಿಂತ ತೆಳು. ಇಲ್ಲಿ ಸಾಧಾರಣ ಎಂಜಿನ್ನು ಕಳೆದುಕೊಳ್ಳುವ ಬಲವನ್ನು ಟರ್ಬೊ ತುಂಬಿಕೊಡುತ್ತದೆ.

ಚಕ್ರ ತಿರುಗಿಸಿ ಮುಗಿದ ಹೊಗೆಯನ್ನು ಹೊರಬಿಡಲು ಗಿಡ್ಡನೆಯ ಕೊಳವೆಯೊಂದು ಬೇಕು. ಅದಕ್ಕಾಗಿಯೇ ತರುಣ ಬಂದಿದ್ದ.

“ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಬಿಟ್ಟುಬಿಡಿ, ಮೇಸ್ತ್ರಿಗಳೇ. ಪಕ್ಕದಿಂದಲಾದರೂ ಸರಿ.”

ಮೇಸ್ತ್ರಿಗಳು ಮಾತಾಡಲಿಲ್ಲ. ಮಳಿಗೆಯ ಮುಂದೆ ಧೂಳಿಗೆ ನೀರು ಚಿಮುಕಿಸುತ್ತಿದ್ದ ಹುಡುಗನ ಕೈಯಿಂದ ರಬ್ಬರ್ ಪೈಪನ್ನು ತೆಗೆದುಕೊಂಡು ನೆಲಕ್ಕೆ ಹಾಕಿ, ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಪೈಪಿನ ತುದಿ ಹಾವಿನಂತೆ ಹೊರಳಾಡಿತು. ನೀರು ಎಡಕ್ಕೆ ಚಿಮ್ಮಿದಾಗ ಅದು ಬಲಕ್ಕೆ ಒದೆಯಿತು.

“ನೋಡಪ್ಪಾ, ಹೊರಗೆ ಹೋಗೋದು ಸುಮ್ಮನೆ ಹೋಗೋದಿಲ್ಲ. ಹೋಗುವಾಗ ಒದ್ದೇ ಹೋಗುತ್ತೆ.”

ಈ ಮಾತು ಬೆಂಗಳೂರಿಗೆ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಗಳಲ್ಲಿ ಮದ್ದು ತುಂಬಿ ಹಾರಿಸಿದ ರಾಕೆಟ್ಟುಗಳು ಇದೇ ನಿಯಮದಿಂದ ಹಾರಿದವು. ಅನಿಲ ಹಿಂದಕ್ಕೆ ಹೊರಟರೆ ಕೊಳವೆ ಮುಂದಕ್ಕೆ.

ತರುಣ ನಕ್ಕು, ಕೈಯಲ್ಲಿದ್ದ ಫೋನಿನಲ್ಲೇ ಲೆಕ್ಕ ಹಾಕತೊಡಗಿದ. ಮುನ್ನೂರು ಅಶ್ವಶಕ್ತಿಯ ಎಂಜಿನ್ನು ಸೆಕೆಂಡಿಗೆ ಸುಮಾರು ಕಾಲು ಕಿಲೋ ಅನಿಲವನ್ನು ಹೊರದೂಡುತ್ತದೆ. ಮೂರಂಗುಲದ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ ೧೬೦ ಮೀಟರಿನ ಆಸುಪಾಸು. ಎರಡನ್ನೂ ಗುಣಿಸಿದರೆ ಬರುವ ಒತ್ತಡ ಸುಮಾರು ನಾಲ್ಕು ಕಿಲೋ ಭಾರದಷ್ಟು.

“ಇಷ್ಟೇನಾ, ಮೇಸ್ತ್ರಿಗಳೇ! ಒಂದು ಸಣ್ಣ ಅಕ್ಕಿಚೀಲದಷ್ಟೂ ಇಲ್ಲ.”

“ಇವತ್ತು ಇಷ್ಟೇ. ನಾಳೆ ಇನ್ನೂ ಬಲ ಕೂಡಿಸ್ತೀಯಲ್ಲ?”

ತರುಣನಿಗೆ ಉತ್ತರ ತೋಚಲಿಲ್ಲ. ಅದೇ ಕೊಳವೆಯಲ್ಲಿ ಅನಿಲದ ಹರಿವು ಇಮ್ಮಡಿಸಿದರೆ ವೇಗವೂ ಇಮ್ಮಡಿಸುತ್ತದೆ, ಒತ್ತಡ ನಾಲ್ಮಡಿಯಾಗುತ್ತದೆ. ಅಮೆರಿಕದ ಟಾಪ್ ಫ್ಯೂಯಲ್ ಬಂಡಿಗಳಲ್ಲಿ ಮೇಲಕ್ಕೂ ಹಿಂದಕ್ಕೂ ಬಾಗಿದ ಎಂಟು ಕೊಳವೆಗಳ ಹೊಗೆಯೇ ಬಂಡಿಯನ್ನು ನೂರಾರು ಕಿಲೋ ಬಲದಿಂದ ನೆಲಕ್ಕೆ ಒತ್ತಿಹಿಡಿಯುತ್ತದೆ. ಒಂದು ಪಕ್ಕದ ಸಿಲಿಂಡರ್ ಆರಿಹೋಯಿತೆಂದರೆ ಸಮತೋಲ ಕೆಟ್ಟು, ಬಂಡಿ ಅದೇ ಪಕ್ಕಕ್ಕೆ ಜರುಗುತ್ತದೆ. ಅವುಗಳಲ್ಲಿ ಟರ್ಬೊ ಇಲ್ಲ. ಟರ್ಬೊ ಇರುವಲ್ಲಿ ಹೊಗೆಯ ಶಕ್ತಿಯ ಒಂದು ಪಾಲನ್ನು ಚಕ್ರವೇ ನುಂಗಿಬಿಡುತ್ತದೆ. ಆದರೆ ಉಳಿದ ಪಾಲಿಗೂ ದಿಕ್ಕೆಂಬುದು ಇದ್ದೇ ಇದೆ.

ಮೇಸ್ತ್ರಿಗಳು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕಾರಿನ ಆಕಾರ ಬರೆದರು. ಬಾಯಿ ಎಡಕ್ಕಿದ್ದರೆ ಮೂತಿ ಬಲಕ್ಕೆ ಸರಿಯಲು ನೋಡುತ್ತದೆ. ಒಂದೇ ಸಮನಾದ ಒತ್ತಡವಾದರೆ ಸ್ಟಿಯರಿಂಗ್ ತುಸು ತಿರುಗಿಸಿ ಸಂಭಾಳಿಸಬಹುದು. ಆದರೆ ಇದು ಟರ್ಬೊ ಬಲ ಬಂದಾಗ ಬರುತ್ತದೆ, ಗೇರು ಬದಲಿಸಲು ಕಾಲೆತ್ತಿದಾಗ ಮಾಯವಾಗುತ್ತದೆ, ಮರುಕ್ಷಣ ಮತ್ತೆ ಬರುತ್ತದೆ. ಬಲ ಹೆಚ್ಚಿದಷ್ಟೂ ಚಾಲಕನ ಕೈಗೆ ಈ ಎಳೆದಾಟ ತಿಳಿಯುತ್ತದೆ. ಬಾಯಿ ಕೆಳಕ್ಕಿದ್ದರೆ ಹೊಗೆ ಕಾರನ್ನು ಎತ್ತಲು ನೋಡುತ್ತದೆ, ಧೂಳೆಬ್ಬಿಸುತ್ತದೆ, ಹತ್ತಿರದ ಟೈರನ್ನು ಕಾಯಿಸುತ್ತದೆ. ಹಿಂಚಕ್ರಗಳಿಂದ ಓಡುವ ಕಾರಾದರೆ ಬಾಯಿ ಹಿಂದಿರುವುದು ಮೇಲು.

“ನಿನ್ನದು ಮುಂಚಕ್ರದ ಕಾರು. ಹೊರಟ ಕ್ಷಣದಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿ ಮುಂಚಕ್ರ ಹಗುರವಾಗುತ್ತೆ. ನೆಲ ಕಚ್ಚದೆ ಸುಮ್ಮನೆ ಸುತ್ತುತ್ತೆ. ಆದ್ದರಿಂದ ಬಾನೆಟ್ಟಿನಲ್ಲಿ ತೂತು ಕೊರೆದು ಬಾಯಿ ನೇರ ಮೇಲಕ್ಕೆ. ಹೊಗೆ ಮೇಲೆ ಹೋದರೆ ಮೂತಿ ಕೆಳಗೆ.”

“ಹೊಗೆ ಕಣ್ಣಿಗೆ ಅಡ್ಡ ಬರುತ್ತಲ್ಲ?”

“ನೀನು ಕೂರೋದು ಬಲಗಡೆ. ಕೊಳವೆ ಎಡಗಡೆ ಇರುತ್ತೆ.”

ಉಕ್ಕಿನ ಕೊಳವೆಯನ್ನು ಅಳೆದು ಕತ್ತರಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಚಹದ ಲೋಟ ಹಿಡಿದ ತರುಣ, ಅಂದಿನ ರಾತ್ರಿಯೇ ಊರಾಚೆಯ ಅಗಲ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡುವೆನೆಂದ. ಮೇಸ್ತ್ರಿಗಳ ಕೈ ನಿಂತಿತು.

೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮು ಸಾರ್ವಜನಿಕ ಸ್ಥಳದ ಪಂದ್ಯವನ್ನು ಅಪರಾಧವೆನ್ನುತ್ತದೆ. ಮೇಸ್ತ್ರಿಗಳು ಕಲಮಿನ ಮಾತೆತ್ತಲಿಲ್ಲ. ಬಾಗಿಲ ಪಕ್ಕದ ಕುಡಿಯುವ ನೀರಿನ ಕ್ಯಾನನ್ನು ತೋರಿಸಿದರು.

“ಇಲ್ಲಿ ನೆಲದಡಿ ನೀರಿದೆ, ಕುಡಿಯೋ ಹಾಗಿಲ್ಲ. ಒಳಗೆ ಏನು ಬರುತ್ತೆ ಅಂತ ಎಲ್ಲರೂ ಲೆಕ್ಕ ಇಟ್ಟರು. ಹೊರಗೆ ಬಿಟ್ಟಿದ್ದು ಎತ್ತ ಹೋಯಿತು, ಯಾರ ಮೇಲೆ ಬಿತ್ತು ಅಂತ ಯಾರೂ ನೋಡಲಿಲ್ಲ.”

ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದ ಸಂಗತಿ. ತರುಣ ತಲೆ ತಗ್ಗಿಸಿದ.

ಕೊನೆಗೆ ಕೊಳವೆಯನ್ನು ಬೆಸೆಯಲಿಲ್ಲ. ನಾಲ್ಕು ಬೋಲ್ಟುಗಳಿಂದ ಬಿಗಿಯುವಂತೆ ಮಾಡಿದರು. ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ತಮ್ಮ ಮೇಜಿನೊಳಗಿಟ್ಟು ಬೀಗ ಹಾಕಿದರು.

“ಅಪ್ಪಣೆ ಇರುವ ಪಂದ್ಯ ಎಲ್ಲಿ, ಎಂದು ಅಂತ ಹೇಳು. ನಾನೇ ಬಂದು ಬಿಗಿದು ಕೊಡ್ತೀನಿ.”

ಸಂಜೆ ಕಾರು ಬಂದ ಲಾರಿಯಲ್ಲೇ ಮರಳಿತು. ಬಾನೆಟ್ಟಿನ ತೂತಿಗೆ ತಗಡಿನ ಮುಚ್ಚಳವಿತ್ತು. ತರುಣ ಮೆಟ್ರೋ ಮೆಟ್ಟಿಲ ಕಡೆಗೆ ನಡೆದ.